ಹಲ್ಲು ಎಣಿಸಿದರೆ ಸಾಲದು ಸ್ವಾಮಿ!

ಮೊನ್ನೆ ನನ್ನ ಆರ್‌ಸಿ ಟ್ರಕ್ಕಿಗೆ ಅಂತ ಆನ್‌ಲೈನಿನಲ್ಲಿ ಒಂದು ಪೊಟ್ಟಣ ಲೋಹದ ಗೇರು ತರಿಸಿದೆ. ಮೇಲೆ ಹೆಸರಿಲ್ಲ, ನಂಬರಿಲ್ಲ. 'ಎಲ್ಲದಕ್ಕೂ ಹೊಂದುತ್ತೆ' ಅಂದಿದ್ದ ಮಾರಿದ ಪುಣ್ಯಾತ್ಮ. ಎಣಿಸಿದೆ, 20 ಹಲ್ಲು. ಹಳೆಯದಕ್ಕೂ 20. ಸರಿ, ಹಾಕಿದೆ... ಹತ್ತೇ ನಿಮಿಷಕ್ಕೆ ಎದುರಿನ ಪ್ಲಾಸ್ಟಿಕ್ ಗೇರು ಪುಡಿಪುಡಿ!

ಆಮೇಲೆ ಬುದ್ಧಿ ಬಂದು ವರ್ನಿಯರ್ ಹಿಡಿದೆ. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತೆ. ಹೊಸದು 11 ಮಿ.ಮೀ., ಅಂದರೆ 11/22 = 0.5. ಹಳೆಯದು 11.64, ಅಂದರೆ 0.529. ಅದು ಇಂಚಿನ ಲೆಕ್ಕದ 48 ಪಿಚ್ (25.4/48)! ಕಣ್ಣಿಗೆ ಅಣ್ಣತಮ್ಮ, ಜಾತಿ ಬೇರೆ. 32 ಪಿಚ್ ಮತ್ತು 0.8 ಮಾಡ್ಯೂಲ್ ಇನ್ನೂ ಮೋಸ. 20 ಹಲ್ಲಿನ ಗೇರಿನಲ್ಲಿ ವ್ಯತ್ಯಾಸ ಬರೀ 0.14 ಮಿ.ಮೀ.

ಆಯಸ್ಕಾಂತಕ್ಕೆ ಅಂಟಿತು, ಹಾಗಾಗಿ ಅಲ್ಯೂಮಿನಿಯಂ ಅಂತೂ ಅಲ್ಲ. ಅಷ್ಟೇ ಸಮಾಧಾನ.

ಯೂನಿಟ್ ಇಲ್ಲದ ನಂಬರ್ ಕೊಟ್ಟರೆ ನಮ್ಮ ಕೋಡ್ ರಿವ್ಯೂನಲ್ಲಿ ಉಗೀತಾರೆ. ಗೇರು ಮಾರುವವರಿಗೆ ಮಾತ್ರ ಯಾಕೆ ರಿಯಾಯಿತಿ? ಮಾಡ್ಯೂಲ್, ಹಲ್ಲು, ಶಾಫ್ಟಿನ ತೂತು, ಮೂರು ಅಂಕಿ ಚೀಟಿಯಲ್ಲಿ ಬರೆಯೋಕೆ ಏನು ಕಷ್ಟ? ಬರೆಯದಿದ್ದರೆ ಕೊಳ್ಳಲೇಬೇಡಿ ಅಂತೀನಿ ನಾನು.

ಉಳಿದ ಆರಕ್ಕೂ ಮಾರ್ಕರಿನಲ್ಲಿ ಅಳತೆ ಬರೆದಿಟ್ಟಿದ್ದೀನಿ. ಯಾರಿಗಾದ್ರೂ 0.5 ಬೇಕಿದ್ರೆ ಹೇಳಿ :)