ಕುಟುಂಬ ವೈದ್ಯನ ವೃತ್ತಿಯೂ ನಮ್ಮ ತರುಣರೂ

ವೈದ್ಯ ಪದವಿಯನ್ನು ಪಡೆದ ನಮ್ಮ ತರುಣರು ಉನ್ನತ ವ್ಯಾಸಂಗಕ್ಕಾಗಿ ಸ್ಪರ್ಧಾಪರೀಕ್ಷೆಗೆ ಕೂತು, ತಮಗೆ ದೊರೆತ ಸ್ಥಾನಕ್ಕೆ ಅನುಸಾರವಾಗಿ ಶಾಖೆಗಳನ್ನು ಆರಿಸಿಕೊಳ್ಳುವ ಕ್ರಮವು ಪ್ರತಿವರ್ಷವೂ ನಡೆಯುತ್ತಿರುವುದನ್ನು ವಾಚಕರು ಬಲ್ಲರು. ಮೇಲಿನ ಸ್ಥಾನ ಪಡೆದವರು ಕ್ಷಕಿರಣಶಾಸ್ತ್ರ, ಚರ್ಮರೋಗ, ಹೃದ್ರೋಗದ ಕಡೆಗೆ ದಾರಿಯಾಗುವ ವೈದ್ಯಶಾಸ್ತ್ರ ಮೊದಲಾದವುಗಳತ್ತ ಧಾವಿಸುತ್ತಾರೆ. ಕುಟುಂಬ ವೈದ್ಯವನ್ನು ತನ್ನ ಮೊದಲನೆಯ ಆಯ್ಕೆಯಾಗಿ ಬರೆಯತಕ್ಕ ವಿದ್ಯಾರ್ಥಿಯು ಅತಿ ವಿರಳನು. ಹಾಗೆ ಬರೆದವನನ್ನು ತಂದೆತಾಯಿಗಳೇ “ಏನಪ್ಪಾ, ಬೇರೆ ಯಾವುದೂ ಸಿಗಲಿಲ್ಲವೇ?” ಎಂದು ಕೇಳುವ ಕಾಲವಿದು. ಇದು ವಿದ್ಯಾರ್ಥಿಗಳ ಅಭಿರುಚಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಸುಮ್ಮನಿರಲು ನಮಗೆ ಮನಸ್ಸು ಬಾರದು. ಜನರ ಆರೋಗ್ಯದ ಬುಡವೇ ಇದರಲ್ಲಿ ಅಡಗಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಅವಶ್ಯವೆಂದು ಭಾವಿಸುತ್ತೇವೆ.

ಕುಟುಂಬ ವೈದ್ಯನೆಂದರೆ ಯಾರು? ಒಂದು ಅಂಗವನ್ನಾಗಲಿ ಒಂದು ರೋಗವನ್ನಾಗಲಿ ತನ್ನ ಕ್ಷೇತ್ರವೆಂದು ಎಣಿಸದೆ, ಮನುಷ್ಯನನ್ನೂ ಅವನ ಮನೆಯನ್ನೂ ತನ್ನ ಕ್ಷೇತ್ರವೆಂದು ಎಣಿಸುವವನು. ಕೂಸಿಗೆ ಲಸಿಕೆ ಹಾಕುವವನೂ, ಬಸುರಿಯ ರಕ್ತದೊತ್ತಡವನ್ನು ನೋಡುವವನೂ, ಯಜಮಾನನ ಸಕ್ಕರೆರೋಗವನ್ನು ಅಂಕೆಯಲ್ಲಿಡುವವನೂ, ಹಾಸಿಗೆ ಹಿಡಿದ ಮುದುಕನ ಕೊನೆಯ ದಿನಗಳ ನೋವನ್ನು ಕಡಮೆ ಮಾಡುವವನೂ ಅವನೇ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಚರಕಾಚಾರ್ಯರು ಹೇಳಿದ್ದಾರಷ್ಟೆ. ಆಸ್ಪತ್ರೆಯ ತಜ್ಞನಿಗೆ ಬಹುಮಟ್ಟಿಗೆ ಮೊದಲೆರಡು ಪಾದಗಳು ಮಾತ್ರ ಕಾಣುತ್ತವೆ. ಮಿಕ್ಕೆರಡು ಪಾದಗಳು ಮನೆಯಲ್ಲಿವೆ. ಮನೆಯನ್ನು ಬಲ್ಲವನಿಗೆ ಮಾತ್ರ ಅವು ಸಿಕ್ಕುತ್ತವೆ.

ಇಂಥ ವೈದ್ಯನು ಎಷ್ಟು ಜನಕ್ಕೆ ಬೇಕು ಎಂಬುದಕ್ಕೆ ಲೆಕ್ಕವುಂಟು. ಕೆರ್ ವೈಟ್ ಎಂಬ ಅಮೇರಿಕದ ವೈದ್ಯ ಪಂಡಿತರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಪ್ರಕಟಿಸಿದ ಲೇಖನವು ಅಂದಿನ ಅಮೇರಿಕ ಮತ್ತು ಬ್ರಿಟನ್ನುಗಳ ಅಂಕಿಗಳಿಂದ ಹೀಗೆ ಎಣಿಸಿತು: 1,000 ವಯಸ್ಕರಲ್ಲಿ ಒಂದು ತಿಂಗಳಿನೊಳಗೆ ಯಾವುದಾದರೊಂದು ಕಾಯಿಲೆ ಅಥವಾ ಪೆಟ್ಟನ್ನು ಅನುಭವಿಸುವವರು 750 ಮಂದಿ; ವೈದ್ಯನ ಬಳಿಗೆ ಹೋಗುವವರು 250 ಮಂದಿ; ಆಸ್ಪತ್ರೆ ಸೇರುವವರು 9 ಮಂದಿ; ದೊಡ್ಡ ವೈದ್ಯಕಾಲೇಜಿನ ಆಸ್ಪತ್ರೆಗೆ ಹೋಗುವವನು ಒಬ್ಬನೇ ಒಬ್ಬನು! ನಮ್ಮ ವಿದ್ಯಾರ್ಥಿಯು ವರ್ಷಗಟ್ಟಲೆ ಕಲಿಯುವುದು ಆ ಒಬ್ಬನ ಹಾಸಿಗೆಯ ಬಳಿಯಲ್ಲಿ. ಅವನು ಮುಂದೆ ಸೇವೆ ಮಾಡಬೇಕಾದುದು ಆ 250 ಮಂದಿಗೆ. ಈಜನ್ನು ಬಾವಿಯಲ್ಲಿ ಕಲಿಸಿ ಹೊಳೆಗೆ ಇಳಿಸಿದರೆ ಈಜುಗಾರನು ದಡಕ್ಕೆ ಓಡಿಬರುವುದರಲ್ಲಿ ಆಶ್ಚರ್ಯವೇನು? ಎಂ.ಬಿ.ಬಿ.ಎಸ್. ಪದವೀಧರನು ಸಮಾಜದ ಪ್ರಥಮ ಸಂಪರ್ಕದ ವೈದ್ಯನಾಗತಕ್ಕದ್ದೆಂದು 2019ರ ಶಿಕ್ಷಣ ನಿಯಮಗಳೇ ಹೇಳುತ್ತವೆ. ಆದರೆ ಆ ಕೆಲಸವನ್ನೇ ಜೀವಮಾನವೆಲ್ಲ ಮಾಡಿದ ಗುರುವೊಬ್ಬನನ್ನು ವಿದ್ಯಾರ್ಥಿಯು ಕಾಲೇಜಿನಲ್ಲಿ ಕಾಣುವುದು ಅಪರೂಪ.

ಈ ಸ್ಥಿತಿಯು ಹೇಗೆ ಬಂದಿತೆಂಬುದನ್ನು ತಿಳಿಯಲು ಚರಿತ್ರೆಯನ್ನು ನೋಡಬೇಕು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯ ಎಣಿಕೆಯಂತೆ ಆಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ ಸುಮಾರು 30,000 ಮಂದಿ ಎಲ್.ಎಂ.ಪಿ. ಮೊದಲಾದ ಕಿರಿಯ ಶಿಕ್ಷಣ ಪಡೆದವರಾಗಿದ್ದರು. ಊರೂರಿನ ಪೇಟೆಬೀದಿಯಲ್ಲಿ ನೆಲೆಸಿ, ಮೂರು ತಲೆಮಾರಿನ ನಾಡಿ ಹಿಡಿದ ‘ಡಾಕ್ಟರರು’ ಬಹುಪಾಲು ಇವರೇ. ಎರಡು ಬಗೆಯ ವೈದ್ಯರಿರಬಾರದು, ಎಲ್ಲರೂ ಒಂದೇ ಪೂರ್ಣ ಶಿಕ್ಷಣ ಪಡೆದು ರೋಗನಿವಾರಣೆಯಲ್ಲಿಯೂ ರೋಗಪ್ರತಿಬಂಧದಲ್ಲಿಯೂ ನುರಿತ ‘ಮೂಲ ವೈದ್ಯ’ರಾಗಬೇಕು ಎಂಬುದು ಸಮಿತಿಯ ಆಶಯ. ಆಶಯವು ಉದಾತ್ತವಾದುದೇ. ಆದರೆ ಕಿರಿಯ ಶಾಲೆಗಳು ಮುಚ್ಚಿದುವು. ಮೂಲ ವೈದ್ಯನಿಗೆ ಕೊಡಬೇಕಾದ ಗೌರವ, ಗುರುಪೀಠ, ಉತ್ತರ ಶಿಕ್ಷಣ ಇವು ಮಾತ್ರ ಏರ್ಪಡಲಿಲ್ಲ. ಹಳೆಯ ಏಣಿಯನ್ನು ತೆಗೆದೆವು, ಹೊಸ ಏಣಿಯನ್ನು ಇಡಲಿಲ್ಲ. ಪದವಿಯೊಂದೇ ಉಳ್ಳವನು ‘ಬರೀ ಎಂ.ಬಿ.ಬಿ.ಎಸ್.’ ಎನಿಸಿಕೊಂಡನು. ಈ ‘ಬರೀ’ ಎಂಬ ಎರಡಕ್ಷರವು ಮಾಡಿದ ಹಾನಿಯನ್ನು ಯಾವ ರೋಗವೂ ಮಾಡಿರಲಾರದು.

ಅದೇ ಕಾಲದಲ್ಲಿ ಇತರ ದೇಶಗಳು ಬೇರೆ ದಾರಿ ಹಿಡಿದವು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದಾಗ ಪ್ರತಿಯೊಬ್ಬ ಪ್ರಜೆಯೂ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಗೆ ಸೇರುವ ಏರ್ಪಾಡಾಯಿತು. 1952ರಲ್ಲಿ ಅಂಥ ವೈದ್ಯರದೇ ವಿದ್ವತ್ಪರಿಷತ್ತು ಹುಟ್ಟಿತು. ಅಮೇರಿಕದಲ್ಲಿ 1969ರಲ್ಲಿ ಕುಟುಂಬ ವೈದ್ಯಕ್ಕೆ ಸ್ವತಂತ್ರ ತಜ್ಞಶಾಖೆಯ ಮನ್ನಣೆ ಬಂದಿತು. ಇದರ ಫಲವೇನೆಂದು ಕೇಳುವವರಿಗೆ ನಾರ್ವೆ ದೇಶದ ನಿದರ್ಶನ ಸಾಕು. ಸುಮಾರು 45 ಲಕ್ಷ ಜನರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಸಂಶೋಧನೆಯು, 15 ವರ್ಷಕ್ಕೂ ಮಿಕ್ಕಿ ಒಬ್ಬನೇ ವೈದ್ಯನನ್ನು ನೆಚ್ಚಿದವರಲ್ಲಿ, ಒಂದೇ ವರ್ಷದ ಪರಿಚಯವುಳ್ಳವರಿಗಿಂತ, ಆಸ್ಪತ್ರೆಗೆ ತುರ್ತಾಗಿ ಸೇರುವ ಸಂಭವವೂ ಮರಣದ ಸಂಭವವೂ ಸುಮಾರು ಕಾಲುಭಾಗದಷ್ಟು ಕಡಮೆಯಿದ್ದುದನ್ನು ತೋರಿಸಿತು. ಪರಿಚಯವೂ ಒಂದು ಔಷಧವೆಂದು ಇದರಿಂದ ತಿಳಿಯಬಹುದು.

ಇನ್ನು ತರುಣರ ಆಕ್ಷೇಪಣೆಗಳನ್ನು ನೋಡೋಣ. ಈ ವೃತ್ತಿಯಲ್ಲಿ ದಿನವೂ ನೆಗಡಿ-ಜ್ವರಗಳೇ, ಬುದ್ಧಿಗೆ ಕೆಲಸವಿಲ್ಲ ಎನ್ನುತ್ತಾರೆ. ಇದಕ್ಕೆ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ ಅವರ ಜೀವಿತವೇ ಉತ್ತರ. ಲಂಡನ್ನಿನಲ್ಲಿ ಕಲಿತ ಈ ಮಹನೀಯರು ವೇಲ್ಸ್ ಪ್ರಾಂತದ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ 1961ರಿಂದ ಸುಮಾರು ಮೂರು ದಶಕಗಳವರೆಗೆ ನೆಲೆಸಿ, ಕಾಯಿಲೆಯೆಂದು ಬಂದವರನ್ನಷ್ಟೇ ಅಲ್ಲದೆ ಊರಿನ ವಯಸ್ಕರೆಲ್ಲರನ್ನೂ ಕರೆದು ರಕ್ತದೊತ್ತಡವನ್ನು ಅಳೆದರು. ಬಾರದವರನ್ನು ಹುಡುಕಿಕೊಂಡು ಹೋದರು. 25 ವರ್ಷಗಳ ಲೆಕ್ಕವನ್ನು 1991ರಲ್ಲಿ ಪ್ರಕಟಿಸಿದಾಗ, ಅಂಥದೇ ನೆರೆಹಳ್ಳಿಗಿಂತ ಈ ಹಳ್ಳಿಯಲ್ಲಿ ಅಕಾಲಮರಣವು ಕಡಮೆಯಾಗಿದ್ದುದು ಕಂಡುಬಂತು. ವೈದ್ಯಸಹಾಯವು ಹೆಚ್ಚು ಬೇಕಾದವರಿಗೇ ಕಡಮೆ ದೊರೆಯುತ್ತದೆಂಬ, 1971ರಲ್ಲಿ ಅವರು ಬರೆದ ‘ವಿಲೋಮ ಸೇವಾ ನಿಯಮ’ವನ್ನು ಇಂದು ಜಗತ್ತಿನ ವೈದ್ಯರೆಲ್ಲ ಓದುತ್ತಾರೆ. ಹಳ್ಳಿಯ ಚಿಕಿತ್ಸಾಲಯದಲ್ಲಿ ಬುದ್ಧಿಗೆ ಕೆಲಸವಿಲ್ಲವೆಂದು ಯಾರು ಹೇಳುವರು?

ನಮ್ಮ ದೇಶದಲ್ಲಂತೂ ಈ ಕೆಲಸವು ರಾಶಿಬಿದ್ದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಸಕ್ಕರೆರೋಗಿಗಳು 10 ಕೋಟಿಗೂ ಮಿಕ್ಕಿದ್ದಾರೆ. ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡವುಂಟು. ಇವು ಶಸ್ತ್ರದಿಂದ ಒಂದು ದಿನದಲ್ಲಿ ತೀರುವ ರೋಗಗಳಲ್ಲ. ಇಪ್ಪತ್ತು ಮೂವತ್ತು ವರ್ಷ ಒಡನಿದ್ದು ಕಾಯಬೇಕಾದವು. ಈಗಿನ ವೃದ್ಧರು ಹೃದಯಕ್ಕೊಬ್ಬ, ಮೂತ್ರಪಿಂಡಕ್ಕೊಬ್ಬ, ಮೊಣಕಾಲಿಗೊಬ್ಬ ಎಂದು ತಜ್ಞರಿಂದ ತಜ್ಞರಿಗೆ ಅಲೆದು, ಒಬ್ಬರು ಬರೆದ ಔಷಧ ಇನ್ನೊಬ್ಬರಿಗೆ ತಿಳಿಯದೆ ಚೀಲ ತುಂಬ ಮಾತ್ರೆಗಳನ್ನು ಹೊತ್ತು ಮನೆಗೆ ಬರುತ್ತಾರೆ. ಆ ಚೀಲವನ್ನು ಮೇಜಿನ ಮೇಲೆ ಸುರಿದು, ಬೇಕಾದುದನ್ನು ಇಟ್ಟು ಬೇಡವಾದುದನ್ನು ತೆಗೆಯತಕ್ಕ ಒಬ್ಬನು ಬೇಕು. ಇದಕ್ಕೆ ವಿವೇಕವೂ ಧೈರ್ಯವೂ ತಜ್ಞತೆಗಿಂತ ಕಡಮೆಯಾಗಿ ಬೇಕೆಂದು ನಾವು ನಂಬುವುದಿಲ್ಲ.

ಆದರೆ ಧರ್ಮೋಪದೇಶದಿಂದ ಹೊಟ್ಟೆ ತುಂಬದು. ವೃತ್ತಿಯಲ್ಲಿ ತೃಪ್ತಿಯು ಬರಬೇಕಾದರೆ ಅದಕ್ಕೆ ಅನುಕೂಲವಾದ ಏರ್ಪಾಡುಗಳಿರಬೇಕು. ಅವುಗಳಲ್ಲಿ ಮೊದಲನೆಯದು ಕಾಲ. 2017ರಲ್ಲಿ ಅನೇಕ ದೇಶಗಳ ಲೆಕ್ಕವನ್ನು ಕೂಡಿಸಿದ ಅಧ್ಯಯನದಂತೆ ಸ್ವೀಡನ್ನಿನ ವೈದ್ಯನು ಒಬ್ಬ ರೋಗಿಗೆ ಸುಮಾರು 22 ನಿಮಿಷ ಕೊಡುತ್ತಾನೆ. ನಮ್ಮಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ಚೀಟಿ ಬರೆಯಬಹುದು, ಮನುಷ್ಯನನ್ನು ಅರಿಯಲಾಗದು. ಕೆಲಸದ ಹೊರೆ ಮಿತಿಮೀರಿದುದರಿಂದ ಬ್ರಿಟನ್ನಿನಲ್ಲಿಯೂ ಈಚೆಗೆ ಸಾಮಾನ್ಯ ವೈದ್ಯರು ಬೇಸತ್ತು ವೃತ್ತಿಯನ್ನು ಬಿಡುತ್ತಿರುವುದನ್ನು ನಾವು ಮರೆಯಲಾಗದು. ಎರಡನೆಯದು ಸ್ಥಿರತೆ. ಕರ್ನಾಟಕ ಸರಕಾರವು 2022ರ ಡಿಸೆಂಬರಿನಿಂದ ಪಟ್ಟಣಗಳಲ್ಲಿ ‘ನಮ್ಮ ಕ್ಲಿನಿಕ್’ಗಳನ್ನು ತೆರೆದುದು ಸ್ತುತ್ಯವಾದ ಕಾರ್ಯ, ಆದರೆ ವೈದ್ಯರು ಗುತ್ತಿಗೆಯ ಮೇಲೆ ಬಂದು ಹೋಗುತ್ತಿದ್ದರೆ ಅದು ‘ನಮ್ಮ’ದಾಗುವುದು ಹೇಗೆ?

ಸರಕಾರದ ಕಾಗದಗಳಲ್ಲಿ ಕುಟುಂಬ ವೈದ್ಯಕ್ಕೆ ಆದರವೇನೂ ಕಡಮೆಯಿಲ್ಲ. 2002ರ ಹಾಗೂ 2017ರ ರಾಷ್ಟ್ರೀಯ ಆರೋಗ್ಯ ನೀತಿಗಳು ಅದನ್ನು ಎತ್ತಿ ಹೇಳಿವೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ಅದರ ಸ್ನಾತಕೋತ್ತರ ಶಿಕ್ಷಣವನ್ನು ಪ್ರೋತ್ಸಾಹಿಸತಕ್ಕದ್ದೆಂದು ವಿಧಿಸಿದೆ. ಆದರೂ 700ಕ್ಕೂ ಮಿಕ್ಕ ವೈದ್ಯಕಾಲೇಜುಗಳಲ್ಲಿ ಈ ಶಾಖೆಯ ಎಂ.ಡಿ. ಕಲಿಸುವವು ಬಹು ಸ್ವಲ್ಪ. ಕಲ್ಲಿಕೋಟೆಯ ಸರಕಾರಿ ಕಾಲೇಜು ಈ ದಾರಿಯಲ್ಲಿ ಮುಂದಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕಾಲೇಜು ಊರುಗಳಲ್ಲಿ ನೆಲೆಸಿದ ವೈದ್ಯರಿಗೆ ದೂರಶಿಕ್ಷಣದ ಮೂಲಕ ಈ ವಿದ್ಯೆಯನ್ನು ಮುಟ್ಟಿಸಿತು. ಅವರಿಂದ ಆದುದು ಮಿಕ್ಕವರಿಂದ ಏಕಾಗಬಾರದು?

ಆದುದರಿಂದ ನಮ್ಮ ಸೂಚನೆಗಳು ಇವು: ಪ್ರತಿಯೊಂದು ಸರಕಾರಿ ವೈದ್ಯಕಾಲೇಜಿನಲ್ಲಿಯೂ ಕುಟುಂಬ ವೈದ್ಯದ ಪ್ರತ್ಯೇಕ ವಿಭಾಗವಿರಲಿ, ಅದರ ಪಾಠವು ತಾಲೂಕು ಆಸ್ಪತ್ರೆಯಲ್ಲಿಯೂ ಪಟ್ಟಣದ ಚಿಕಿತ್ಸಾಲಯದಲ್ಲಿಯೂ ನಡೆಯಲಿ. ಆ ಪದವಿ ಪಡೆದವನಿಗೆ ಇತರ ತಜ್ಞರಿಗೆ ಸಮನಾದ ವೇತನವೂ ಬಡ್ತಿಯೂ ಖಾಯಂ ಹುದ್ದೆಯೂ ಇರಲಿ. ಇದು ಅಧಿಕಾರಿಗಳ ಭಾಗ. ನಾಗರಿಕರ ಭಾಗವೂ ಒಂದುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ನಾವೇ ಸಾಕ್ಷಿಗಳಾಗಿದ್ದೇವೆ. ತಲೆನೋವೆಂದರೆ ಮಿದುಳಿನ ತಜ್ಞನ ಬಾಗಿಲಲ್ಲಿ ಟೋಕನ್ ಹಿಡಿದು ಕೂತು, ನೆರೆಬೀದಿಯ ವೈದ್ಯನ ಸಲಹೆಗೆ ಕೊಡುವ ಹಣವನ್ನು ದಂಡವೆಂದು ಎಣಿಸುತ್ತೇವೆ. ಔಷಧ ಬರೆಯದೆ ಒಳ್ಳೆಯ ಮಾತು ಹೇಳಿ ಕಳುಹಿಸಿದ ವೈದ್ಯನಿಗೂ ಶುಲ್ಕವನ್ನು ಸಂತೋಷದಿಂದ ಕೊಡುವುದನ್ನು ನಾವು ಕಲಿಯಬೇಕು.

ತರುಣರಿಗೆ ಕೊನೆಯದೊಂದು ಮಾತು. ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಗಳಿಸುವ ಸಾಹಸವನ್ನು ನಾವು ಹಳಿಯುವುದಿಲ್ಲ. ತಜ್ಞರೂ ದೇಶಕ್ಕೆ ಬೇಕು. ಆದರೆ ತಾನು ಲಸಿಕೆ ಹಾಕಿದ ಕೂಸು ಬೆಳೆದು ತನ್ನ ಕೂಸನ್ನು ಎತ್ತಿಕೊಂಡು ಬರುವುದನ್ನು ಕಾಣುವ ಭಾಗ್ಯವು ಒಂದೇ ಊರಿನಲ್ಲಿ ಬೇರೂರಿದ ವೈದ್ಯನಿಗೆ ದೊರೆಯುವಂತೆ ಬೇರೆ ಯಾವ ತಜ್ಞನಿಗೂ ಸುಲಭವಾಗಿ ದೊರೆಯದು. ನಿಮ್ಮ ಆಯ್ಕೆಯ ಪಟ್ಟಿಯನ್ನು ಬರೆಯುವ ಮೊದಲು ಇದನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿರಿ. ಹಾಗೆ ತೂಗಿ ಬಂದ ತರುಣನಿಗೆ ಕೂರಲು ಪೀಠವನ್ನೂ ಬಾಳಲು ವೇತನವನ್ನೂ ಸಿದ್ಧವಾಗಿಡುವುದು ಸರಕಾರದ ಕರ್ತವ್ಯವಾಗಿರುತ್ತದೆ.