ದೂರದವರಿಗೆ ಮುಂಗಡ, ಊರವರಿಗೆ 'ನಾಳೆ ಬಾ'

ಕೆಲಸವನ್ನು ಹೊರಗಿನವರಿಗೆ ಕೊಟ್ಟು ಮಾಡಿಸುವುದು ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅಡಿಕೆ ಕೊಯ್ಯಲು ಕೊನೆಗಾರ ಬರುತ್ತಾನೆ, ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ದುಡ್ಡು. ಬದು ಹಾಕಿಸಲು ಉಕ್ತೆ ಮಾತಾಡುತ್ತೇವೆ. ಕ್ರಯಪತ್ರ ಬರೆಸಲು ಪತ್ರ ಬರಹಗಾರರ ಹತ್ತಿರ ಹೋಗುತ್ತೇವೆ. ಮದುವೆಗೆ ಅಡಿಗೆ ಭಟ್ಟರನ್ನು ಗೊತ್ತು ಮಾಡುತ್ತೇವೆ. ಇವರ್ಯಾರೂ ನಮ್ಮ ಸಂಬಳದ ಆಳುಗಳಲ್ಲ. ಕೆಲಸ ಮುಗಿಸಿ, ದುಡ್ಡು ಎಣಿಸಿಕೊಂಡು, ಮುಂದಿನ ಮನೆಗೆ ಹೋಗುತ್ತಾರೆ. ಫ್ರೀಲಾನ್ಸರ್ ಎಂದರೆ ಇಷ್ಟೇ.

ಈಗ ಬದಲಾಗಿರುವುದು ಮಾತುಕತೆ ನಡೆಯುವ ಜಾಗ. ಸ್ವಸಹಾಯ ಸಂಘದ ಉಪ್ಪಿನಕಾಯಿಗೆ ಲೇಬಲ್ ಬೇಕು, ಹೋಂಸ್ಟೇಗೆ ವೆಬ್‌ಸೈಟ್ ಬೇಕು, ಗೃಹಪ್ರವೇಶಕ್ಕೆ ಆಮಂತ್ರಣದ ವಿಡಿಯೋ ಬೇಕು, ಅಂಗಡಿಯ ಲೆಕ್ಕ ಬರೆದಿಡಲು ಯಾರಾದರೂ ಬೇಕು. ಫೋನ್ ತೆಗೆದು ಹುಡುಕಿದರೆ ಎಲ್ಲಿಯವರೋ ಏನೋ, ಹತ್ತಾರು ಜನ 'ನಾನು ಮಾಡಿಕೊಡುತ್ತೇನೆ' ಎಂದು ನಿಂತಿರುತ್ತಾರೆ. ಫೈವರ್ ಎಂಬ ತಾಣ 2010ರಲ್ಲಿ ಶುರುವಾದಾಗ ಒಂದು ಕೆಲಸಕ್ಕೆ 5 ಡಾಲರ್ ಎಂಬುದೇ ಅದರ ಗುರುತಾಗಿತ್ತು, ಹೆಸರು ಬಂದದ್ದೂ ಅದರಿಂದಲೇ. ಇಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಹಳೆಯ ತಾಣಗಳು ಒಂದಾಗಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಇಟ್ಟುಕೊಂಡವು. ಕೆಲಸ ಕೊಡುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ, ನಡುವೆ ತಾಣ. ಸಂತೆಯಲ್ಲಿ ದಲ್ಲಾಳಿ ನಿಂತ ಹಾಗೆ. ಫೈವರ್‌ನಲ್ಲಿ ಕೆಲಸ ಮಾಡಿದವರ ಪಾಲಿನಿಂದ ನೂರಕ್ಕೆ 20 ತಾಣಕ್ಕೆ ಹೋಗುತ್ತದೆ. ಅಂದರೆ 1,000 ರೂಪಾಯಿಗೆ ಒಪ್ಪಿದವರ ಲೆಕ್ಕಕ್ಕೆ ಬರುವುದು 800. ಕೊಳ್ಳುವವರೂ ಮೇಲೊಂದಿಷ್ಟು ಸೇವಾ ಶುಲ್ಕ ಕೊಡಬೇಕು.

ಇದರಲ್ಲಿ ತಪ್ಪೇನೂ ಇಲ್ಲ. ದಲ್ಲಾಳಿ ಇರುವುದರಿಂದ ಒಂದು ಅನುಕೂಲವೂ ಇದೆ: ನೀವು ಕಟ್ಟಿದ ಹಣ ಮೊದಲು ತಾಣದ ಕೈಯಲ್ಲಿ ಇರುತ್ತದೆ, ಕೆಲಸ ಒಪ್ಪಿಸಿದ ಮೇಲೆ ಮಾಡಿದವರಿಗೆ ಹೋಗುತ್ತದೆ. ಹಾಗಾಗಿ ತಾಣದಲ್ಲಿ ಪರಿಚಯವಾದವರು 'ಕಮಿಷನ್ ಉಳಿಯುತ್ತೆ, ನನಗೇ ನೇರ ಕಳಿಸಿ' ಎಂದರೆ ಒಪ್ಪಬೇಡಿ. ನೇರ ಕಳಿಸಿದ ಹಣಕ್ಕೆ ಆ ರಕ್ಷಣೆ ಇರುವುದಿಲ್ಲ.

ಕೆಲಸ ಹೊರಗೆ ಕೊಡಿ ಎಂದೇ ನಾವು ಹೇಳುತ್ತೇವೆ. ಹಪ್ಪಳ ಒತ್ತುವುದರಲ್ಲಿ ಪಳಗಿದ ಕೈಗಳು ಲೇಬಲ್ ಮಾಡಲು ಮೂರು ದಿನ ಫೋನ್ ತಿಕ್ಕುತ್ತಾ ಕೂರಬೇಕಿಲ್ಲ. ಆದರೆ ಕೊಡುವ ಮೊದಲು ಮೂರು ಮಾತು.

ಮೊದಲನೆಯದು, ಏನು ಬೇಕು ಎಂಬುದನ್ನು ಬರೆದು ಕೊಡಿ. 'ಚೆನ್ನಾಗಿರೋ ಲೇಬಲ್ ಮಾಡಿ' ಎಂದರೆ ಅವರಿಗೆ ಚೆನ್ನಾಗಿ ಕಂಡದ್ದು ಬರುತ್ತದೆ. ಉಪ್ಪಿನಕಾಯಿ ಬಾಟಲಿಯ ಲೇಬಲ್ ಬರೀ ಚಿತ್ರವಲ್ಲ. ಅದರ ಮೇಲೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ತಯಾರಕರ ವಿಳಾಸ, ಬೆಲೆ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಎಲ್ಲವೂ ಇರಬೇಕು. ದೂರ ದೇಶದಲ್ಲಿ ಕೂತ ಡಿಸೈನರ್‌ಗೆ ಇದು ಗೊತ್ತಿರಲಿ ಎಂದು ಬಯಸುವುದು ನ್ಯಾಯವಲ್ಲ, ನೀವೇ ಹೇಳಬೇಕು. ಕನ್ನಡದ್ದು ಇನ್ನೊಂದು ಪಾಡು. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ, 'ಉಪ್ಪಿನಕಾಯಿ' ಹೋಗಿ 'ಉಪ್‌ಪಿನಕಾಯಿ' ಆಗುತ್ತದೆ. ಕನ್ನಡ ಓದಲು ಬಾರದವರಿಗೆ ಆ ತಪ್ಪು ಕಾಣುವುದೇ ಇಲ್ಲ. ಅಚ್ಚಿಗೆ ಹೋಗುವ ಮುಂಚೆ ಕನ್ನಡ ಬಲ್ಲ ಇಬ್ಬರು ಓದಲಿ. ಎಷ್ಟು ಸಲ ತಿದ್ದಿಕೊಡಬೇಕು, ಯಾವ ದಿನಕ್ಕೆ ಬೇಕು ಎಂಬುದೂ ಬರಹದಲ್ಲೇ ಇರಲಿ. ಕೊನೆಯಲ್ಲಿ ಬರೀ ಚಿತ್ರ ಪಡೆದು ಸುಮ್ಮನಾಗಬೇಡಿ, ಮುಂದೆ ಬೆಲೆಯನ್ನೋ ತೂಕವನ್ನೋ ಬದಲಿಸಲು ಬರುವ ಮೂಲ ಫೈಲ್ ಕೇಳಿ ಪಡೆಯಿರಿ.

ಎರಡನೆಯದು, ಹಕ್ಕು ಯಾರದು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. 'ದುಡ್ಡು ಕೊಟ್ಟಿದ್ದೇವೆ, ಇನ್ನು ನಮ್ಮದೇ' ಎಂದು ನಾವೆಲ್ಲ ತಿಳಿಯುತ್ತೇವೆ. 1957ರ ಕಾಪಿರೈಟ್ ಕಾಯ್ದೆ ಹಾಗೆ ಹೇಳುವುದಿಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಯಜಮಾನರದು. ಸ್ವತಂತ್ರವಾಗಿ ದುಡಿಯುವವರು ಬರೆದ ಬರಹದಂಥವುಗಳ ಹಕ್ಕು ಮೊದಲಿಗೆ ಬರೆದವರದೇ. ಅದು ನಿಮ್ಮದಾಗಬೇಕಾದರೆ ಬರಹದಲ್ಲಿ ವರ್ಗಾವಣೆಯಾಗಿ ಸಹಿ ಬೀಳಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ತಾಣದ ನಿಯಮದಲ್ಲೇ ಹಕ್ಕು ವರ್ಗಾವಣೆಯ ಮಾತು ಇರಬಹುದು, ಓದಿ ನೋಡಿ. ತಾಣವಿಲ್ಲದೆ ವಾಟ್ಸಾಪ್‌ನಲ್ಲೇ ಮಾತಾಡಿ ಮಾಡಿಸಿದ್ದರೆ ಒಂದು ಹಾಳೆಯ ಒಪ್ಪಂದವಾದರೂ ಇರಲಿ. ನಿಮ್ಮ ಉತ್ಪನ್ನ ನಾಲ್ಕು ಊರಿನಲ್ಲಿ ಹೆಸರು ಮಾಡಿದ ಮೇಲೆ ಲೋಗೋಗೆ ಜಗಳ ಬರುವುದು ಬೇಡ.

ಮೂರನೆಯದು, ಕೆಲಸ ಕೊಡಿ, ಕೀಲಿಕೈ ಕೊಡಬೇಡಿ. ಮನೆಗೆ ಸುಣ್ಣ ಹೊಡೆಯಲು ಬಂದವರಿಗೆ ಯಾರೂ ಬೀರುವಿನ ಕೀ ಕೊಡುವುದಿಲ್ಲ. ಫೋನಿನಲ್ಲಿ ಮಾತ್ರ ಜಿಮೇಲ್ ಪಾಸ್‌ವರ್ಡ್, ಒಟಿಪಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಎಲ್ಲ ಕಳಿಸಿಬಿಡುತ್ತೇವೆ. ಹೋಂಸ್ಟೇಯ ಗೂಗಲ್ ಪ್ರೊಫೈಲ್ ನೋಡಿಕೊಳ್ಳಲು ಯಾರನ್ನಾದರೂ ಇಟ್ಟರೆ ಅವರನ್ನು ಮ್ಯಾನೇಜರ್ ಎಂದು ಸೇರಿಸಿ, ಓನರ್ ಜಾಗದಲ್ಲಿ ನೀವೇ ಇರಿ. ವೆಬ್‌ಸೈಟಿನ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಲಿ. ಪಹಣಿ, ಪಿಂಚಣಿ, ಪಿಎಂ ಕಿಸಾನ್‌ನಂಥ ಮನೆಯ ಕಾಗದಪತ್ರದ ಕೆಲಸವನ್ನು ಮುಖ ಕಾಣದವರಿಗೆ ಒಪ್ಪಿಸುವುದಂತೂ ಬೇಡವೇ ಬೇಡ. ಅದಕ್ಕೆ ಗ್ರಾಮ ಒನ್ ಇದೆ, ನಾಡಕಚೇರಿ ಇದೆ. ತಪ್ಪಾದರೆ ಹೋಗಿ ಕೇಳಲು ಅಲ್ಲೊಂದು ಬಾಗಿಲಾದರೂ ಇರುತ್ತದೆ.

ಇಷ್ಟು ಕೆಲಸ ಕೊಡುವವರ ಮಾತಾಯಿತು. ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ದಡ. ಅಲ್ಲಿ ನಿಂತಿರುವವರು ನಮ್ಮದೇ ಮಕ್ಕಳು.

ಬಿಸಿಎ, ಬಿಕಾಂ ಮುಗಿಸಿ ಮನೆಯಲ್ಲಿರುವ ಹುಡುಗಿಯರು, ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ ಊರಿಗೆ ಮರಳಿದ ಹುಡುಗರು 'ಮನೆಯಿಂದಲೇ ಕೆಲಸ' ಎಂಬ ಜಾಹೀರಾತು ಕಂಡರೆ ಒತ್ತುತ್ತಾರೆ. ಅಲ್ಲೇ ಮೋಸದ ಬಲೆ ಇರುವುದು. 'ಪುಟ ಟೈಪ್ ಮಾಡಿ, ತಿಂಗಳಿಗೆ ಇಷ್ಟು' ಎನ್ನುತ್ತಾರೆ. ನೋಂದಣಿಗೆ ಹಣ ಕಟ್ಟಿಸಿಕೊಳ್ಳುತ್ತಾರೆ. ಇನ್ನು ಕೆಲವರು ಹಣ ಕೇಳದೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ರಾತ್ರಿ ಹಗಲು ಟೈಪ್ ಮಾಡಿಸಿ, ಕೊನೆಗೆ 'ತಪ್ಪು ಜಾಸ್ತಿ ಇದೆ, ಒಪ್ಪಂದ ಮುರಿದಿದ್ದೀಯ, ದಂಡ ಕಟ್ಟು' ಎನ್ನುತ್ತಾರೆ. ವಕೀಲರ ಹೆಸರಿನಲ್ಲಿ ನೋಟಿಸ್ ಬರುತ್ತದೆ, ಪೊಲೀಸ್, ಕೋರ್ಟ್ ಎಂದು ಫೋನ್ ಬರುತ್ತದೆ. ಮನೆಯವರಿಗೆ ಹೇಳಲಾಗದೆ ಹೆದರಿ ಹಣ ಕಟ್ಟುವವರಿದ್ದಾರೆ.

ತಂದೆ ತಾಯಂದಿರೇ, ಮಕ್ಕಳು ಹೀಗೆ ಸಿಕ್ಕಿಬಿದ್ದರೆ ಮೊದಲು ಬೈಯಬೇಡಿ. ಬೈಗುಳಕ್ಕೆ ಹೆದರಿಯೇ ಅವರು ಮುಚ್ಚಿಡುವುದು. ಒಂದು ರೂಪಾಯಿಯನ್ನೂ ಕಟ್ಟದೆ, ಬಂದ ಸಂದೇಶಗಳನ್ನು ಅಳಿಸದೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಆಗಲೇ ಮಾಡಿ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಈ ಒಂದು ಮಾತು ಮನೆಯ ಎಲ್ಲರ ಬಾಯಲ್ಲೂ ಇರಲಿ.

ಮನೆಯಲ್ಲೇ ಕೂತು ಎಣಿಕೆಯ ಲೆಕ್ಕದಲ್ಲಿ ದುಡಿಯುವುದು ನಮ್ಮ ನಾಡಿಗೆ ಹೊಸದಲ್ಲ. ಕರಾವಳಿಯಲ್ಲಿ, ತುಮಕೂರು ಕಡೆ ಹೆಂಗಸರು ಬೀಡಿ ಕಟ್ಟುತ್ತಾ ಬಂದಿದ್ದಾರೆ. ಎಲೆ, ಹೊಗೆಸೊಪ್ಪು ತಂದು, ಸಾವಿರಕ್ಕೆ ಇಷ್ಟು ಎಂದು ಕಟ್ಟಿ ಕೊಟ್ಟರೆ, ಸರಿಯಿಲ್ಲ ಎಂದು ಒಂದಿಷ್ಟು ಬದಿಗೆ ತಳ್ಳುತ್ತಿದ್ದರು. ಆ ಮನೆಗೆಲಸವೂ ಕೆಲಸವೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿತು. ಬದಿಗೆ ತಳ್ಳಿದ ಬೀಡಿಯ ಜಗಳ ಬಗೆಹರಿಸಲೂ ಅದರಲ್ಲಿ ದಾರಿ ಇತ್ತು. ಮುಂದೆ ಕಲ್ಯಾಣ ನಿಧಿ ಬಂತು, ಗುರುತಿನ ಚೀಟಿ ಬಂತು. ಫೋನಿನಲ್ಲಿ ದುಡಿಯುವ ಇವತ್ತಿನ ಮಕ್ಕಳದೂ ಅದೇ ಸ್ಥಿತಿ. ಯಾವನೋ 'ಚೆನ್ನಾಗಿಲ್ಲ' ಎಂದು ಒಂದು ನಕ್ಷತ್ರ ಒತ್ತಿದರೆ ಮುಂದಿನ ಕೆಲಸ ಸಿಗುವುದೇ ಕಷ್ಟ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಕಂಪನಿಗಳಿಂದ ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವ ಅವಕಾಶ ಅದರಲ್ಲಿದೆ. ಗಿಗ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಊಟ ತಲುಪಿಸುವ ಬೈಕಿನ ಹುಡುಗ, ಕ್ಯಾಬ್ ಡ್ರೈವರ್. ಅವರಿಗೆ ರಕ್ಷಣೆ ಸಿಗಲೇಬೇಕು. ಹಾಗೆಯೇ ಹಳ್ಳಿಯ ಹಜಾರದಲ್ಲಿ ಕೂತು ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ಮಕ್ಕಳೂ ಈ ಲೆಕ್ಕಕ್ಕೆ ಬರಬೇಕು ಎಂಬುದು ನಮ್ಮ ಒತ್ತಾಯ.

ಸರ್ಕಾರ ಮಾಡುವುದು ಮಾಡಲಿ. ನಾವು ನೀವು ಮಾಡಬೇಕಾದದ್ದೂ ಒಂದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಈ ವಿಷಯದಲ್ಲಿ ನೂರಕ್ಕೆ ನೂರು ನಿಜ. ಮುಖ ಕಾಣದ ಡಿಸೈನರ್‌ಗೆ ಡಾಲರ್ ಲೆಕ್ಕದಲ್ಲಿ ಮುಂಗಡ ಕಟ್ಟುತ್ತೇವೆ. ಅದೇ ಕೆಲಸ ಬಲ್ಲ ಪಕ್ಕದ ಬೀದಿಯ ಹುಡುಗಿಯ ಹತ್ತಿರ 'ಒಂದು ಚಿತ್ರ ತಾನೆ, ಮಾಡ್ಕೊಡಮ್ಮ' ಎನ್ನುತ್ತೇವೆ. ಮಾಡಿಕೊಟ್ಟ ಮೇಲೆ ದುಡ್ಡಿನ ಮಾತೆತ್ತಿದರೆ 'ನಾಳೆ ಬಾ'. ಹಿಂದೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದದ್ದು ದೆವ್ವ ಒಳಗೆ ಬಾರದಿರಲಿ ಎಂದು. ಕಲಿತ ಮಕ್ಕಳಿಗೂ ಅದೇ ಬೋರ್ಡ್ ತೋರಿಸಿದರೆ ಅವರು ಊರಲ್ಲಿ ಯಾಕೆ ಉಳಿಯುತ್ತಾರೆ?

ಊರವರು ಎಂಬ ಕಾರಣಕ್ಕೇ ಕೆಲಸ ಕೊಡಿ ಎಂದು ನಾವು ಹೇಳುತ್ತಿಲ್ಲ. ಬಾರದ ಕೆಲಸವನ್ನು ಒಪ್ಪಿಕೊಂಡು ಹಾಳು ಮಾಡುವವರು ಊರಲ್ಲೂ ಇದ್ದಾರೆ. ಹಿಂದೆ ಮಾಡಿದ ಕೆಲಸ ತೋರಿಸಲು ಕೇಳಿ, ಸಣ್ಣದೊಂದು ಕೆಲಸ ಕೊಟ್ಟು ನೋಡಿ. ಆ ಸಣ್ಣ ಕೆಲಸಕ್ಕೂ ದುಡ್ಡು ಕೊಡಿ. ಅವರಿಂದ ಆಗದಿದ್ದರೆ ದೂರದವರ ಹತ್ತಿರ ಹೋಗಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಕನ್ನಡದ ಲೇಬಲ್, ಕನ್ನಡದ ಆಮಂತ್ರಣ, ಊರಿನ ಹೋಂಸ್ಟೇಯ ಪರಿಚಯ ಬರೆಯಲು ಈ ನೀರು ಕುಡಿದವರಿಗಿಂತ ಬಲ್ಲವರು ಅಲ್ಲಿ ಸಿಗುವುದು ಅಪರೂಪ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಸಾಕು: ಡಿಸೈನ್ ಯಾರಿಗೆ ಬರುತ್ತದೆ, ಟೈಪಿಂಗ್ ಯಾರಿಗೆ, ವಿಡಿಯೋ ಯಾರಿಗೆ, ಜಿಎಸ್‌ಟಿ ಲೆಕ್ಕ ಯಾರಿಗೆ. ಹೆಸರಿನ ಎದುರು ದರ. ಹುಡುಗಿಯರ ಫೋನ್ ನಂಬರ್ ಗೋಡೆಗೆ ಬೇಡ, ಗ್ರಂಥಪಾಲಕರ ಹತ್ತಿರ ಇರಲಿ. ಸ್ವಸಹಾಯ ಸಂಘಗಳು, ಹಾಲಿನ ಡೈರಿ, ಸೊಸೈಟಿ ಮೊದಲು ಆ ಹಾಳೆ ನೋಡಲಿ.

ಅಡಿಕೆ ಸುಲಿದವರಿಗೆ ಸಂಜೆ ಡಬ್ಬ ಎಣಿಸಿ ದುಡ್ಡು ಕೊಟ್ಟೇ ಕಳಿಸುವ ಜನ ನಾವು. ಕಂಪ್ಯೂಟರ್ ಮುಂದೆ ಕೂತು ಮಾಡಿದ ಕೆಲಸಕ್ಕೂ ಅದೇ ಲೆಕ್ಕ ಇರಲಿ.