ಹೊಳೆ ನೋಡಿ ಗಾಳ ಕಟ್ಟು

ದಸರಾ ರಜೆಗೆ ಹುಬ್ಬಳ್ಳಿಯಿಂದ ಬೆಳಂಬಾರಕ್ಕೆ ಬಂದ ಮೊಮ್ಮಗ ಪುಟ್ಟ ಡಬ್ಬಿಯೊಂದನ್ನು ನನ್ನ ಅಂಗೈಗೆ ಸುರಿದ. ನೋಡಿದರೆ ನೊಣ! ಬೆಚ್ಚಿ ಕೈ ಕೊಡವಿದೆ. "ಅಜ್ಜ, ಅದು ಗಾಳ!" ಎಂದು ಬಿದ್ದು ಬಿದ್ದು ನಕ್ಕ. ನ್ಯೂಜಿಲೆಂಡಿನಲ್ಲಿರುವ ಅವನ ಅತ್ತೆ ಕಳಿಸಿದ್ದಂತೆ.

ಮಕ್ಕಳೇ, ಇದು ಟ್ರೌಟ್ ಮೀನಿಗೆ ಕಟ್ಟುವ ಹುಸಿ ನೊಣ. ಟ್ರೌಟ್ ತಣ್ಣೀರಿನ ಮೀನು. ನಮ್ಮ ಬೆಚ್ಚಗಿನ ಹೊಳೆಗಳಲ್ಲಿ ಬಾಳದು. ನಮಗೆ ಹತ್ತಿರವೆಂದರೆ ನೀಲಗಿರಿ, ಮುನ್ನಾರಿನ ತೊರೆಗಳು. ಅಲ್ಲಿಗೂ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದೇ. ಅಂದು ನೀರಿನ ಮೇಲೆ ಯಾವ ಹುಳ ಹಾರುತ್ತಿದೆಯೋ ನೋಡಿ, ಅದರಂತೆಯೇ ಗರಿ, ದಾರ ಸುತ್ತಿ ಗಾಳ ಕಟ್ಟುತ್ತಾರೆ. ಕರಾವಳಿಗೆ ಈ ವಿದ್ಯೆ ತೀರಾ ಹೊಸದೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಎಂಬವರು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಗಿತ್ತು.

"ನಮ್ಮ ಗಂಗಾವಳಿಗೂ ಒಂದು ಕಟ್ಟೋಣ ಅಜ್ಜ" ಎಂದ. ನಾನು ಸುಮ್ಮನಾದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಹೊಳೆಗೆ ಬಿತ್ತಲ್ಲ, ಅಂದಿನಿಂದ ನಾನು ಗಾಳ ಮುಟ್ಟಿರಲಿಲ್ಲ. ಎಷ್ಟೋ ಜೀವ ಹೋದ ನೀರು. ಆಚೆ ದಡದ ಉಳುವರೆಯ ಮನೆಗಳೂ ಉಳಿಯಲಿಲ್ಲ. ಆ ನೀರಿಗೆ ಗಾಳ ಎಸೆಯಲು ಮನಸ್ಸು ಬಂದಿರಲಿಲ್ಲ.

"ಹೊಳೆಗೆ ಸಿಟ್ಟು ಬಂದಿತ್ತಾ ಅಜ್ಜ?"

"ಇಲ್ಲ ತಮ್ಮಾ. ಬಿದ್ದದ್ದು ಗುಡ್ಡ. ಹೊಳೆ ಏನು ಮಾಡೀತು?" ಎಂದೆ. ಹೇಳಿದ ಮೇಲೆ ಆ ಮಾತು ನನಗೂ ಬೇಕಿತ್ತು ಅನಿಸಿತು.

ಸೊಸೆಯ ಒಪ್ಪಿಗೆ ಸಿಕ್ಕಿತು. ಷರತ್ತು ಎರಡು: ನೀರಿಗೆ ಇಳಿಯಬಾರದು, ಇಳಿತದ ಹೊತ್ತಿನಲ್ಲೇ ಹೋಗಬೇಕು. ಅಜ್ಜಿಯ ಹೊಲಿಗೆ ಡಬ್ಬಿಯ ಕಪ್ಪು ದಾರ, ಹುಂಜದ ಗರಿಯಿಂದ ಮೊದಲ ನೊಣ ಕಟ್ಟಿ ಮಂಜುಗುಣಿಗೆ ಹೋದೆವು. ನನ್ನ ಹಳೆಯ ಜಾಗದಲ್ಲಿ ಕೂತೆವು. ಎರಡು ತಾಸಾದರೂ ಒಂದು ಮೀನೂ ಮೂಸಲಿಲ್ಲ. ಮೊದಲು ಆಳವಿದ್ದಲ್ಲಿ ಈಗ ಮರಳು ತುಂಬಿತ್ತು. ಐವತ್ತು ವರ್ಷದ ನನ್ನ ಲೆಕ್ಕದ ಪುಸ್ತಕವೇ ತಪ್ಪಾಗಿತ್ತು!

ಮರುದಿನ ಗಾಳ ಬಿಟ್ಟು ಬರಿಗೈಲಿ ಹೋದೆವು. ಸುಮ್ಮನೆ ನೋಡಿದೆವು. ಮರಳಿನ ತಳದಲ್ಲಿ ನೋಗಲಿ, ಅದೇ ಮಂಗಳೂರಿನವರ ಕಾಣೆ ಮೀನು, ಸಣ್ಣ ಬಾಯಿಂದ ಮರಳು ಕೆದಕುತ್ತಿತ್ತು. ಅದು ಹುಡುಕುವುದು ತಳದ ಹುಳ, ಸಣ್ಣ ಸಿಗಡಿಗಳನ್ನು. ಮೇಲೆ ಹಾರುವ ನೊಣ ಅದಕ್ಕೇಕೆ?

ಸಂಜೆ ಜಗಲಿಯಲ್ಲಿ ಹೊಸ ಗಾಳ ಕಟ್ಟಿದೆವು. ಸಣ್ಣ ಬಾಯಿಗೆ ಸಣ್ಣ ಗಾಳ. ಸಿಗಡಿಯ ಬಣ್ಣದ ದಾರ, ಬಾಲಕ್ಕೆ ಬಿಳಿ ಗರಿಯ ನಾಲ್ಕು ಎಳೆ, ತಳಕ್ಕೆ ಇಳಿಯಲು ಸೀಸದ ಗುಂಡು. ತಂಗೂಸಿನ ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು. ಒಣಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ತಂಗೂಸು ಸೋಲುತ್ತದೆ. ಇದು ನನ್ನ ಅಪ್ಪ ಕಲಿಸಿದ್ದು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದ್ದು ಮೊಮ್ಮಗನ ಉಪಾಯ. ಬಿಡಿಸುವಾಗ ಮೀನಿಗೆ ನೋವು ಕಡಿಮೆ.

ಮೂರನೆಯ ದಿನ ಹೊಸ ಜಾಗದಲ್ಲಿ ತಂಗೂಸು ಮೆಲ್ಲಗೆ ಎಳೆಯಿತು. ಗೇಣುದ್ದವೂ ಇಲ್ಲದ ನೋಗಲಿ! ಅವನು ಕೈ ಒದ್ದೆ ಮಾಡಿಕೊಂಡು ಬಿಡಿಸಿ, "ದೊಡ್ಡದಾಗಿ ಬಾ" ಎಂದು ನೀರಿಗೇ ಬಿಟ್ಟ. ಅಜ್ಜಿ ಮಸಾಲೆ ಅರೆದಿಟ್ಟು ಕಾದಿದ್ದಳು. ಅಂದು ಮಧ್ಯಾಹ್ನ ನಮಗೆ ಬರೀ ಸಾರನ್ನ.

ಮೊಮ್ಮಗ ಊರಿಗೆ ಹೋಗಿದ್ದಾನೆ. ನಾನು ಈಗ ಮತ್ತೆ ಹೊಳೆಗೆ ಹೋಗುತ್ತೇನೆ. ಆದರೆ ಮೊದಲ ಅರ್ಧ ತಾಸು ಗಾಳ ಚೀಲದಲ್ಲೇ ಇರುತ್ತದೆ. ಮಕ್ಕಳೇ, ನಿಮ್ಮೂರಲ್ಲೂ ಕೆರೆಯೋ ಹೊಳೆಯೋ ಇದ್ದರೆ ದೊಡ್ಡವರ ಜೊತೆ ಹೋಗಿ, ದಡದಲ್ಲಿ ಕೂತು ನೋಡಿ. ಅಲ್ಲಿನ ಮೀನು ಏನು ತಿನ್ನುತ್ತದೆ? ನನಗೆ ಬರೆಯಿರಿ.